ತೆರೆಯದ ರಿಜಿಸ್ಟರಿಗೊಂದು ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ಕೂತ ಗಣ್ಯರೇ, ಉಪ್ಪಿಟ್ಟಿನ ವಾಸನೆ ಹಿಡಿದು ಬಂದ ಬಂಧುಗಳೇ,

ನಮ್ಮ ಕಚೇರಿಯ ಶೀಟಿನ ಮಾಡಿಗೆ ಇಂದಿಗೆ 40 ತುಂಬಿತು. ಶೀಟಿಗೇ ಶಾಲು ಹೊದಿಸೋಣವೆಂದರೆ ಏಣಿ ಹತ್ತುವವರಿಲ್ಲ. ಆದ್ದರಿಂದ ಅದರ ಕಲ್ನಾರಿನ ರಿಜಿಸ್ಟರನ್ನು ಸನ್ಮಾನಿಸುತ್ತಿದ್ದೇವೆ. ನಡುವಿನ ಕುರ್ಚಿ ಖಾಲಿಯಿದೆಯೆಂದು ಯಾರೂ ಗುಸುಗುಸು ಮಾಡಬೇಡಿ. ಸನ್ಮಾನಿತರು ಇನ್ನೂ ಹುಟ್ಟಿಲ್ಲ. ಪೇಟವನ್ನು ಕುರ್ಚಿಯ ಬೆನ್ನಿಗೇ ತೊಡಿಸಿದ್ದೇವೆ.

ಎಲೈ ರಿಜಿಸ್ಟರ್ ಮಹಾಶಯರೇ! ನಿಮ್ಮ ಒಡಹುಟ್ಟಿದವರೆಲ್ಲ ನಮ್ಮ ಬೀರುವಿನಲ್ಲಿ ಕ್ಷೇಮ. ಹಾಜರಿ ಪುಸ್ತಕವಿದೆ, ಟಪಾಲು ವಹಿಯಿದೆ, ದಾಸ್ತಾನು ಪುಸ್ತಕವಿದೆ. ಅದರೊಳಗೆ ‘ಪೊರಕೆ 4. ಬಕೆಟ್ 2, ಷರಾ: ಒಂದು ಸೋರುವುದು’ ಎಂದು ಮುತ್ತಿನಂಥ ಅಕ್ಷರದಲ್ಲಿದೆ. ಸೋರುವ ಬಕೆಟ್ಟಿಗೂ ಒಂದು ಷರಾ ಉಂಟು. ನೆತ್ತಿಯ ಮೇಲಿನ ಶೀಟು ಎಷ್ಟು, ಯಾವುದು ಬಿರುಕು ಬಿಟ್ಟಿದೆ, ಕೊನೆಗೆ ನೋಡಿದ್ದು ಯಾವಾಗ ಎಂಬುದಕ್ಕೆ ಒಂದು ಗೆರೆಯಿಲ್ಲ. ನಿಮ್ಮನ್ನು ತೆರೆಯಲು ಮಂಜೂರಾತಿ ಕೇಳಿದೆವು. ಯಾವ ಲೆಕ್ಕಶೀರ್ಷಿಕೆಯಡಿ ಎಂದು ಮರುಟಪಾಲಿನಲ್ಲಿ ಪ್ರಶ್ನೆ ಬಂತು.

ಬ್ರಿಟನ್ನಿನಲ್ಲಿರುವ ನಿಮ್ಮ ದಾಯಾದಿಗಳು ಇಷ್ಟು ಅದೃಷ್ಟವಂತರಲ್ಲ. ಅಲ್ಲಿ 1999ರಲ್ಲಿ ಬಿಳಿ ಕಲ್ನಾರಿಗೂ ನಿಷೇಧ ಬಿತ್ತು. ಹಳೆಯ ಕಚೇರಿ, ಶಾಲೆಗಳಲ್ಲಿ ಉಳಿದದ್ದು ಎಲ್ಲಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂದು ಬರೆದಿಡಬೇಕು. ರಿಪೇರಿಗೆ ಬಂದವನಿಗೆ ಅದನ್ನು ಮೊದಲೇ ತಿಳಿಸಬೇಕು. ಕಲ್ನಾರು ಹೌದೋ ಅಲ್ಲವೋ ಗೊತ್ತಾಗದಿದ್ದರೆ ಹೌದೆಂದೇ ಹಿಡಿಯಬೇಕೆಂದು 2012ರ ನಿಯಮಾವಳಿ ಹೇಳುತ್ತದೆ. ಎಂಥ ಅನುಮಾನದ ಜನ! ನಮ್ಮದು ಧಾರಾಳ ಮನಸ್ಸು, ಗೊತ್ತಾಗದಿದ್ದರೆ ಸಿಮೆಂಟು.

ಮೊನ್ನೆ ಫ್ಯಾನಿನ ವೈರು ಎಳೆಯಲು ಒಬ್ಬ ಹುಡುಗ ಬಂದಿದ್ದ. ಏಣಿಯ ಮೇಲೆ ನಿಂತು, “ಸಾರ್, ಇದು ಎಂಥ ಶೀಟು?” ಎಂದ. “ಶೀಟು ಕಣಪ್ಪಾ, ಶೀಟು” ಎಂದೆ. ನಿಮ್ಮ ಅನುಪಸ್ಥಿತಿಯಲ್ಲಿ ನಿಮ್ಮ ಕೆಲಸವನ್ನು ನಾನೇ ಹೀಗೆ ಪೂರೈಸಿದೆ. ಡ್ರಿಲ್ ಗುರ್ರೆಂದಿತು. ಬೂದಿಬಣ್ಣದ ಹುಡಿ ಅವನ ರೆಪ್ಪೆಯ ಮೇಲೆ, ನನ್ನ ಕಡತದ ಮೇಲೆ, ಮುಚ್ಚದ ಚಹಾ ಲೋಟದೊಳಗೆ ಕೂತಿತು. ಅವನು ಅಂಗಿ ಕೊಡವಿಕೊಂಡ. ಆಯಮ್ಮ ದಾಸ್ತಾನಿನ ನಾಲ್ಕನೇ ಪೊರಕೆ ತಂದು ಒಣನೆಲವನ್ನು ಸರಸರ ಗುಡಿಸಿದಳು; ಕೆಳಗಿಳಿದ ಹುಡಿ ಮತ್ತೆ ಮೇಲೆದ್ದಿತು. ಗಟ್ಟಿಯಾಗಿರುವ ಶೀಟು ತನ್ನ ಪಾಡಿಗೆ ತಾನಿರುತ್ತದೆ. ಕೊರೆದರೆ, ಒಡೆದರೆ, ಹುಡಿಯನ್ನು ಕೆದಕಿದರೆ ಕಣ್ಣಿಗೆ ಕಾಣದ ನಾರು ಉಸಿರಿಗೆ ಸೇರುತ್ತದೆ. ಅದು ಕ್ಯಾನ್ಸರಾಗಿ ಕಾಣಿಸಿಕೊಳ್ಳಲು ಹತ್ತಾರು ವರ್ಷ ಹಿಡಿಯಬಹುದು. ಅಷ್ಟು ಹೊತ್ತಿಗೆ ನಾನು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿರುತ್ತೇನೆ.

ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ರೋಗದ ತಾಳ್ಮೆ ನ್ಯಾಯಾಲಯಕ್ಕೆ ಗೊತ್ತಿತ್ತು. ಆದರೆ ಏಣಿ ಹತ್ತಿದ ಹುಡುಗ ಯಾವ ಕಾರ್ಖಾನೆಯ ಪಟ್ಟಿಯಲ್ಲೂ ಇಲ್ಲ. ಅವನ ಹೆಸರಿರುವುದು ನಮ್ಮ ಓಚರಿನಲ್ಲಿ, ಕೂಲಿಯ ಮೊತ್ತದ ಪಕ್ಕ. ಆ ಓಚರನ್ನೂ ಆಡಿಟ್ ಮುಗಿದ ಮೇಲೆ ರದ್ದಿಗೆ ಹಾಕುತ್ತೇವೆ.

ಇನ್ನು ವಂದನಾರ್ಪಣೆ. ಈ ಬ್ಯಾನರನ್ನು ಬೆಳಿಗ್ಗೆ ಶೀಟಿಗೇ ಮೊಳೆ ಹೊಡೆದು ಕಟ್ಟಿದ್ದಾರೆಂದು ಈಗಷ್ಟೇ ತಿಳಿಯಿತು. ನನ್ನ ಶಾಲಿನ ಮೇಲಿರುವುದು ಅಕ್ಷತೆಯಲ್ಲ. ಹುಡುಗರಲ್ಲಿ ಒಂದು ವಿನಂತಿ: ಬಿಚ್ಚುವಾಗ ಹಗ್ಗ ಕೊಯ್ಯಿರಿ, ಮೊಳೆ ಕೀಳಬೇಡಿ. ಪೊರಕೆ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಉಪ್ಪಿಟ್ಟನ್ನು ಹೊರಗೆ ಹುಣಸೆಮರದ ಕೆಳಗೆ ಬಡಿಸುತ್ತಾರೆ. ಎಲ್ಲರೂ ದಯವಿಟ್ಟು ಅಲ್ಲಿಗೇ ನಡೆಯಿರಿ.