ಎರಿ ಹೊಲ ನುಂಗಿದ ಚಪ್ಪಲಿ

ಮಳೆಗಾಲದಲ್ಲಿ ನವಲಗುಂದದ ಎರಿ ಹೊಲದೊಳಗೆ ಹತ್ತು ಹೆಜ್ಜೆ ನಡೆದರೆ ಎಂಥ ಗಿಡ್ಡನೂ ನಾಲ್ಕು ಬೆರಳು ಎತ್ತರವಾಗುತ್ತಾನೆ. ಚಪ್ಪಲಿಯ ಕೆಳಗೆ ಅಷ್ಟು ಮಣ್ಣು ಮೆತ್ತಿರುತ್ತದೆ. ಹದಿನೈದನೇ ಹೆಜ್ಜೆಗೆ ಚಪ್ಪಲಿ ಹೊಲದ ಪಾಲು, ಕಾಲಷ್ಟೇ ನಮ್ಮ ಪಾಲು. ತಂಗಿಯನ್ನು ನೋಡಲು ಕಲಘಟಗಿ ಕಡೆಯಿಂದ ಬಂದ ಬೀಗರಿಗೆ ಇದು ಗೊತ್ತಿರಲಿಲ್ಲ. ಅವರದು ಭತ್ತದ ಸೀಮೆ, ಅಲ್ಲಿಯ ರಾಡಿ ತೊಳೆದರೆ ಬಿಡುತ್ತದೆ. ಹೊಲ ನೋಡುತ್ತೇನೆಂದು ಪಾಲಿಶ್ ಬೂಟಿನಲ್ಲಿ ಇಳಿದ ಹಿರಿಯರು ಬರಿಗಾಲಲ್ಲಿ ಬದುವಿಗೆ ಬಂದರು. ತಡಕಾಡಿದ್ದಕ್ಕೆ ಒಂದು ಬೂಟು ಸಿಕ್ಕಿತು. ಸಂಬಂಧವೂ ಕೂಡಿತೆನ್ನಿ, ಯಾದಿ ಬರೆಯುವಾಗ ಮೊದಲ ಸಾಲಿಗೇ 'ಬೂಟು, ಒಂದು ಜೊತೆ' ಎಂದು ಬಂತು.

ಅಜ್ಜ ಇಂಥ ಮೋಸಕ್ಕೆ ಬೀಳುತ್ತಿರಲಿಲ್ಲ. ಅವನದು ಚರ್ಮದ ಕಾಲ್ಮರಿ. ಜಾಲಿ ತೊಗಟೆಯಲ್ಲಿ ಹದ ಮಾಡಿದ ಚರ್ಮ, ಹೊಲಿಗೆಯೂ ಚರ್ಮದ್ದೇ. ಕೊಲ್ಹಾಪುರಿಯ ಮನೆತನದ್ದು. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಪಕ್ಕದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜೊತೆ ನಮ್ಮ ಧಾರವಾಡವೂ ಇತ್ತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಶನ್ ಶೋದಲ್ಲಿ ಇಂಥವನ್ನೇ ಮೆಟ್ಟಿಸಿ ಹುಡುಗರನ್ನು ನಡೆಸಿತು. ಅಜ್ಜ ಇದ್ದಿದ್ದರೆ ಒಂದೇ ಮಾತು ಕೇಳುತ್ತಿದ್ದ: "ಆ ಊರಾಗ ನಾಯಿ ಇಲ್ಲೇನು?" ಔಡಲೆಣ್ಣೆ ತಿಕ್ಕಿದ ಕಾಲ್ಮರಿಯೆಂದರೆ ನಮ್ಮೂರ ನಾಯಿಗಳಿಗೆ ಹೋಳಿಗೆ ಊಟ. ಅದಕ್ಕೆ ಅಜ್ಜ ಅವನ್ನು ತಲೆದಿಂಬಿನ ಬದಿಗೇ ಇಟ್ಟು ಮಲಗುತ್ತಿದ್ದ. ನಾಲ್ಕು ಹನಿ ಬಿದ್ದರೆ ಬಗಲಿಗೆ. ಬೀಗರೂರಿಗೆ ಹೋಗುವಾಗ ಕೈಯಲ್ಲಿ ಹಿಡಿದು ನಡೆದು, ಅಗಸಿ ಬಾಗಿಲು ಕಂಡ ಮೇಲೆ ಮೆಟ್ಟುತ್ತಿದ್ದ. ಅವು ಅಜ್ಜನನ್ನು ಹೊತ್ತದ್ದಕ್ಕಿಂತ ಅಜ್ಜ ಅವನ್ನು ಹೊತ್ತದ್ದೇ ಹೆಚ್ಚು. ಅವನ್ನು ಹೊಲಿದುಕೊಟ್ಟವನು ಮಾತ್ರ ತಾನು ಹೊಲಿದದ್ದನ್ನೇ ಮೆಟ್ಟಿಕೊಂಡು ನಮ್ಮ ಓಣಿಯಲ್ಲಿ ಬರುವಂತಿರಲಿಲ್ಲ. ಇದನ್ನು ಅಜ್ಜ ಎಂದೂ ಹೇಳಲಿಲ್ಲ, ಅಜ್ಜಿ ಹೇಳಿದ್ದು.

ಬರಿಗಾಲಿನ ಸುಖ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಕುಸುಬಿ ಕೀಳುವ ದಿನಗಳಲ್ಲಿ ಸಂಜೆ ಕಂದೀಲಿನ ಮುಂದೆ ಸೂಜಿ ಹಿಡಿದು ಹಿಮ್ಮಡದ ಮುಳ್ಳು ತೆಗೆಯುತ್ತ ಕೂಡುತ್ತಿದ್ದಳು. ಮುಳ್ಳಾದರೂ ಕಾಣುತ್ತದೆ. ಕೊಕ್ಕೆಹುಳುವಿನ ಮರಿ ಹೇಳದೆ ಕೇಳದೆ ಬರಿ ಅಂಗಾಲಿನ ಚರ್ಮ ತೂರಿ, ರಕ್ತದೊಳಗೆ ಇಳಿದು, ಪುಪ್ಪುಸಕ್ಕೆ ಹೋಗಿ, ಕೆಮ್ಮಿನ ಜೊತೆ ಗಂಟಲಿಗೆ ಬಂದು, ನುಂಗಿದಾಗ ಕರುಳು ಸೇರುತ್ತದೆ. ನವಲಗುಂದದಿಂದ ಹುಬ್ಬಳ್ಳಿಗೆ ಹೊರಟವನು ಗದಗ ಸುತ್ತಿ ಹೋದಂತೆ. ಹೋಗಿ ಮುಟ್ಟಿದ ಮೇಲೆ ಮಾತ್ರ ಅಲ್ಲೇ ಬಿಡಾರ ಹೂಡಿ ರಕ್ತ ಹೀರುತ್ತದೆ. ಬಯಲಕಡೆಗೆ ಬರಿಗಾಲಲ್ಲಿ ಹೋಗುತ್ತಿದ್ದ ನಮ್ಮ ಓಣಿಯ ಹುಡುಗರು ಯಾಕೆ ಬಿಳಚಿಕೊಂಡಿದ್ದರು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಷ್ಟರಲ್ಲಿ ಹವಾಯಿ ಚಪ್ಪಲಿ ಬಂತು. ಅಗ್ಗ, ಮಳೆಗೆ ಹೆದರುವುದಿಲ್ಲ, ನಾಯಿ ಮೂಸುವುದಿಲ್ಲ. ಬಾರು ಕಿತ್ತರೆ ಕೆಳಗೊಂದು ಪಿನ್ನು. ನಾನು ಆರನೇ ಇಯತ್ತೆಯಲ್ಲಿದ್ದಾಗ ನೀಲಿ ಬಾರಿನ ಜೊತೆ ಕೊಡಿಸಿದರು. ಎಂಟೇ ದಿನಕ್ಕೆ ಎಡಗಾಲಿನದನ್ನು ಹೆಸರು ಹೊಲ ನುಂಗಿತು. ಮೊಣಕೈವರೆಗೆ ಕೈ ಹಾಕಿದರೂ ಸಿಗಲಿಲ್ಲ. ಅಪ್ಪನ ಕೈ ಮಾತ್ರ ನನ್ನ ಬೆನ್ನಿಗೆ ಸಿಕ್ಕಿತು.

ಎರಿ ಮಣ್ಣಿನ ಸ್ವಭಾವ ವಿಚಿತ್ರ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಮೇಲಿನದು ಬಿರುಕಿನಲ್ಲಿ ಒಳಗೆ ಬೀಳುತ್ತದೆ, ಮಣ್ಣು ಉಬ್ಬಿದಾಗ ಒಳಗಿನದು ಮೇಲೇಳುತ್ತದೆ. ತನ್ನನ್ನು ತಾನೇ ಮಗುಚಿಕೊಳ್ಳುವ ನೆಲ. ಹೋದ ವರ್ಷ ಟ್ರ್ಯಾಕ್ಟರ್ ನೇಗಿಲು ಹೊಡೆಯುವಾಗ ಒಂದು ಹೆಂಟೆಯೊಳಗಿಂದ ನೀಲಿ ಬಾರು ಇಣುಕಿತು. ಒಡೆದರೆ ನನ್ನ ಎಡಗಾಲು! ಮೂವತ್ತು ವರ್ಷ ಮಣ್ಣೊಳಗಿದ್ದೂ ಬಾರು ಗಟ್ಟಿ, ಹಿಮ್ಮಡಿ ಊರಿದ ಗುರುತೂ ಹಾಗೇ. ಬಲಗಾಲಿನದು ಎಲ್ಲಿ ಸಾಯದೆ ಕೂತಿದೆಯೋ. ಅಜ್ಜನ ಕಾಲ್ಮರಿಯನ್ನೂ ಅವನು ಹೋದ ಮೇಲೆ ಇದೇ ಹೊಲದ ಬದುವಿನಲ್ಲಿ ಹಾಕಿದ್ದೆವು. ಅದರದು ಒಂದು ಎಳೆಯೂ ಉಳಿದಿಲ್ಲ.

ಚಪ್ಪಲಿ ತೊಳೆದು ಮನೆಗೆ ತಂದೆ. ಅವ್ವ ತಿರುವಿ ನೋಡಿ, "ಚಲೋ ಐತಲ್ಲೋ, ಸುಮ್ನ ಹೊಡಸ್ಕೊಂಡಿ ಆವತ್ತ" ಎಂದಳು. ದೃಷ್ಟಿ ಬೀಳಬಾರದೆಂದು ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿದಳು. ಈಗ ಅಣ್ಣಿಗೇರಿ ರಸ್ತೆಯಲ್ಲಿ ಜೋಲಾಡುತ್ತ ಹೋಗುತ್ತದೆ.