ಎಂಟೂವರೆಯ ಮೇಲೆ ಡಬಲ್

"ನಿನ್ನೆ ರಾತ್ರಿ ಹನ್ನೊಂದರವರೆಗೆ ಯಾರೊಟ್ಟಿಗೆ ಮಾತು ಮಾರಾಯ?" ಬಿಜೈಯ ನಮ್ಮ ಕಂಪೌಂಡಿನ ಆಚೆಯಿಂದ ಅಕ್ಕ ಕೇಳಿದರು.

"ಗಲ್ಫಿನ ಗಿರಾಕಿ, ಅಕ್ಕ. ಡಿಸೈನ್ ಕೆಲಸ." ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಏಳಕ್ಕೆ ಆಫೀಸು ಮುಚ್ಚುವಾಗ "ಒಂದು ಸಣ್ಣ ಕರೆಕ್ಷನ್" ಅಂದರೆ ಇಲ್ಲಿ ಊಟದ ಹೊತ್ತು. ಅವರಾದರೂ 2022ರಿಂದ ಶನಿವಾರ, ಭಾನುವಾರ ರಜೆ ಮಾಡಿಕೊಂಡರು. ಸೌದಿಯಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ನಾನು ಬಂಗುಡೆಗೆ ಚರ್ಚೆ ಮಾಡುತ್ತಿರುವಾಗ ರಿಯಾದಿನವರಿಗೆ ವಾರ ಸುರು.

"ನಾವು ಬೀಡಿ ಕಟ್ಟಿದ್ದೂ ಮನೆಯಲ್ಲೇ. ಸಾವಿರಕ್ಕೆ ಇಷ್ಟು ಅಂತ ಮಜೂರಿ. ಬ್ರಾಂಚಿನವ ರಾತ್ರಿ ಬಂದು ಬಾಗಿಲು ಬಡಿದದ್ದಿಲ್ಲಪ್ಪ. ಹಾಳು ಬೀಡಿ ಅಂತ ಒಂದಷ್ಟು ತೆಗೆದಿಡ್ತಿದ್ದ, ಅದು ಬೇರೆ."

ನಮ್ಮಲ್ಲಿ ಅದಕ್ಕೇ ಕರೆಕ್ಷನ್ ಅನ್ನುವುದು.

ಉಪಾಯ ಕೊಟ್ಟದ್ದು ಹಂಚಿನ ಕಾರ್ಖಾನೆಯಲ್ಲಿದ್ದ ಭಾವ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಇಲ್ಲವೇ ವಾರಕ್ಕೆ 48 ಗಂಟೆ ದಾಟಿದರೆ ಎರಡು ಪಟ್ಟು ಮಜೂರಿ ಅಂತ ಇತ್ತು. ನನ್ನಂಥವನಿಗೆ ಯಾವ ಫ್ಯಾಕ್ಟರಿ! ಆದರೂ ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸಿದೆ: ರಾತ್ರಿ ಎಂಟೂವರೆಯ ಮೇಲೆ ಡಬಲ್. ಅಡ್ವಾನ್ಸಿನ ಮೊದಲೇ ಹೇಳಿದರೆ ಅದು ಕ್ರಮ; ಕೆಲಸದ ನಡುವೆ ಹೇಳಿದರೆ ಸೊಕ್ಕು. ಡಬಲ್ ಕೊಟ್ಟವರು ಕಡಿಮೆ. ದುಡ್ಡಿನ ಮಾತು ಬಂದ ಕೂಡಲೇ ಅರ್ಜೆಂಟೆಲ್ಲ ನಾಳೆಗೆ ಹೋಗುತ್ತದೆ.

ಪರದೇಶದವರನ್ನು ಹೀಗೆ ಸುಧಾರಿಸಬಹುದು. ಊರಿನ ಬ್ರಹ್ಮಕಲಶದ ಆಮಂತ್ರಣ ಉಂಟಲ್ಲ, ಅದು ಬೇರೆಯೇ ಪ್ರಕರಣ. ಸಮಿತಿಯ ಮೀಟಿಂಗು ಮುಗಿಯುವುದೇ ರಾತ್ರಿ ಹತ್ತಕ್ಕೆ. ಆಮೇಲೆ ವಾಟ್ಸಾಪಿನಲ್ಲಿ ಒಂದೊಂದೇ ಹೆಸರು. ಗೌರವ ಸಲಹೆಗಾರರು ಗೌರವಾಧ್ಯಕ್ಷರಾಗುತ್ತಾರೆ. ಮುಂಬೈಯ ದಾನಿಯ ಫೋಟೋ ಪಕ್ಕದವರದ್ದಕ್ಕಿಂತ ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ. ಪಾರ್ಕಿಂಗ್ ಸಮಿತಿಗೂ ಒಬ್ಬ ಸಂಚಾಲಕ, ಮೂವರು ಸಹಸಂಚಾಲಕರು. ಪ್ರಿಂಟಿಗೆ ಹೋಗುವ ಮುಂಚೆ ಅವರೊಳಗೇ ಜಗಳ. ಫೋನ್ ತೆಗೆಯದಿದ್ದರೆ ಬೈಕಿನಲ್ಲಿ ಮನೆಗೇ ಬರುತ್ತಾರೆ, ಅಮ್ಮ ಚಾ ಕೊಡುತ್ತಾರೆ!

"ಅವರಿಗೂ ಡಬಲ್ ಹಾಕ್ತೀಯಾ?"

"ದೇವಸ್ಥಾನದ ಕೆಲಸಕ್ಕೆ ಹೇಗೆ ಹಾಕುವುದು ಅಕ್ಕ?"

"ದೇವರೇ ರಾತ್ರಿಪೂಜೆ ಮುಗಿದ ಮೇಲೆ ಬಾಗಿಲು ಹಾಕಿಸಿಕೊಳ್ತಾನೆ. ನಿನಗೆಂತ ಧಾಡಿ?" ಅಂದವರು ಸ್ವಲ್ಪ ಸ್ವರ ತಗ್ಗಿಸಿದರು. "ಸ್ವಾಗತ ಸಮಿತಿಯಲ್ಲಿ ಇವರ ಹೆಸರು ಬಿಟ್ಟುಹೋಗಿದೆಯಂತೆ ಮಾರಾಯ. ಈಗಲೇ ಬೇಡ, ನಾಳೆ ಒಂಬತ್ತು ಗಂಟೆಯ ಮೇಲೆ ಸೇರಿಸಿದರೆ ಸಾಕು."