ಹತ್ತಿ ಹೊಲದಲ್ಲಿ ಸಾಮರ್ಥ್ಯವೃದ್ಧಿ

(ಬುರ್ಕಿನಾ ಫಾಸೊ. ಹತ್ತಿ ಹೊಲದ ಬದು. ಜಿನೀವಾದ ತಜ್ಞರು ಪ್ರೊಜೆಕ್ಟರ್ ಸಮೇತ ಬಂದಿದ್ದಾರೆ. ಕರೆಂಟು ಬಂದಿಲ್ಲ.)

ತಜ್ಞ: ನಿಮ್ಮ ವ್ಯಾಪಾರ ಸಾಮರ್ಥ್ಯ ಬೆಳೆಸೋಕೆ ಬಂದಿದ್ದೇವೆ, ಯಜಮಾನರೇ.

ರೈತ: ಬೆಳೆ ಚೆನ್ನಾಗೇ ಇದೆ ಸ್ವಾಮಿ, ಬಿದ್ದಿರೋದು ಬೆಲೆ. ಅಮೆರಿಕದ ಹತ್ತಿ ಸಬ್ಸಿಡಿ ನಿಲ್ಲಿಸಿ ಅಂತ ಮಾಲಿ, ಬೆನಿನ್, ಚಾಡ್ ಜೊತೆ ಸೇರಿ 2003ರಲ್ಲೇ ಕೇಳಿದ್ದೆವಲ್ಲ?

ತಜ್ಞ: ಕೇಳೋದು ಹೇಗೆ ಅಂತ ಕಲಿಸೋಕೇ ಈ ಕಾರ್ಯಾಗಾರ.

ರೈತ: ಅದೇ ಸಬ್ಸಿಡಿ ವಿರುದ್ಧ ಬ್ರೆಜಿಲ್ ದಾವೆ ಹೂಡಿ ಗೆದ್ದಿತಂತೆ?

ತಜ್ಞ: ಗೆದ್ದಿತು! 2010ರಲ್ಲಿ ಅಮೆರಿಕ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. ಯಾತಕ್ಕೆ ಹೇಳಿ? ಬ್ರೆಜಿಲ್ ಹತ್ತಿ ಬೆಳೆಗಾರರ ಸಾಮರ್ಥ್ಯವೃದ್ಧಿಗೆ!

ರೈತ: ಮತ್ತೆ ಸಬ್ಸಿಡಿ?

ತಜ್ಞ: ಮುಂದಿನ ಕೃಷಿ ಕಾಯ್ದೆ ಬಂದಾಗ ನೋಡೋಣ ಅಂದರು. (ಒಪ್ಪಂದದ ಸೊಗಸೇ ಅದು.)

ರೈತ: ನಮಗೆಷ್ಟು?

ತಜ್ಞ: ಪೆನ್ನು, ಸರ್ಟಿಫಿಕೇಟು, ಒಂದು ಚೀಲ.

ರೈತ: ಹತ್ತಿದಾ?

ತಜ್ಞ: ನೈಲಾನ್. ಇಲ್ಲಿ ಸಹಿ ಹಾಕಿ.